ಅಮೆರಿಕದಲ್ಲಿ ಹಳೆ ಟ್ರೇಲರ್ ಕೊಳ್ಳುವಾಗ, ಮಾರುವಾಗ ಟೈಟಲ್ ಬದಲಾಯಿಸುವುದು ಹೇಗೆ

ನಾನು ಮೊದಲ ಸಲ ಟ್ರೇಲರ್ ಕೊಂಡಾಗ ಟೈರ್ ನೋಡಿದೆ, ಆಕ್ಸಲ್ ನೋಡಿದೆ, ಹಲಗೆ ಮೇಲೆ ಹತ್ತಿ ತುಳಿದು ನೋಡಿದೆ, ಹಿಂದಿನ ದೀಪ ಉರಿಯುತ್ತಾ ಅಂತಲೂ ನೋಡಿದೆ. ಕಾಗದ ಮಾತ್ರ ಸರಿಯಾಗಿ ನೋಡಲಿಲ್ಲ. ಮಾರಿದವರು ಒಳ್ಳೆಯವರೇ. ಟೈಟಲ್ (ಮಾಲೀಕತ್ವದ ಪತ್ರ) ಕೊಟ್ಟರು, ಅದರ ಹಿಂದೆ ಸಹಿ ಇತ್ತು, ನಾನು ದುಡ್ಡು ಕೊಟ್ಟು ಟ್ರೇಲರ್ ಎಳೆದುಕೊಂಡು ಮನೆಗೆ ಬಂದೆ. ಮುಂದಿನ ವಾರ ಅದನ್ನು ನನ್ನ ಹೆಸರಿಗೆ ಮಾಡಿಸಲು ಸರ್ಕಾರಿ ಕಚೇರಿಗೆ ಹೋದಾಗ ಕೌಂಟರಿನಲ್ಲಿದ್ದವರು ಕಾಗದವನ್ನು ತಿರುಗಿಸಿ ನೋಡಿ, "ನಿಮಗೆ ಮಾರಿದವರ ಹೆಸರೇನು?" ಅಂತ ಕೇಳಿದರು. ಹೇಳಿದೆ. ಆ ಹೆಸರು ಟೈಟಲ್ ಮೇಲೆ ಎಲ್ಲೂ ಇರಲಿಲ್ಲ.

ಆಗಿದ್ದಿಷ್ಟು. ನನಗೆ ಮಾರಿದವರು ಎರಡು ವರ್ಷದ ಹಿಂದೆ ಬೇರೆಯವರಿಂದ ಅದನ್ನು ಕೊಂಡಿದ್ದರು. ತಮ್ಮ ಹೆಸರಿಗೆ ಮಾಡಿಸಿಕೊಂಡಿರಲೇ ಇಲ್ಲ. ಹಳೆ ಮಾಲೀಕರು ಸಹಿ ಹಾಕಿದ್ದ ಕಾಗದವನ್ನೇ ಹಾಗೇ ನನ್ನ ಕೈಗೆ ದಾಟಿಸಿದ್ದರು. ಇದಕ್ಕೆ ಟೈಟಲ್ ಜಂಪಿಂಗ್ ಅನ್ನುತ್ತಾರೆ, ಇದು ಕಾನೂನಿಗೆ ವಿರುದ್ಧ. ಆ ಮೊದಲ ಮಾಲೀಕರು ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದರು. ಅವರನ್ನು ಹುಡುಕಿ, ಒಪ್ಪಿಸಿ, ಕಾಗದ ಸರಿಮಾಡಿಸಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಟ್ರೇಲರ್ ಅಂಗಳದಲ್ಲಿ ಸುಮ್ನೆ ನಿಂತಿತ್ತು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಕಾಗದ ಮೊದಲು ನೋಡಿ, ಟ್ರೇಲರ್ ಆಮೇಲೆ ನೋಡಿ.

ಟೈಟಲ್ ಬೇರೆ, ರಿಜಿಸ್ಟ್ರೇಷನ್ ಬೇರೆ

ನಮ್ಮೂರಲ್ಲಿ ಆರ್‌ಸಿ ಅಂದರೆ ಮುಗಿಯಿತು. ಇಲ್ಲಿ ಎರಡು ಕಾಗದ. ಟೈಟಲ್ ಅಂದರೆ ಈ ಟ್ರೇಲರ್ ಯಾರದ್ದು ಅನ್ನುವ ಪತ್ರ. ರಿಜಿಸ್ಟ್ರೇಷನ್ ಅಂದರೆ ಅದನ್ನು ರಸ್ತೆಗೆ ಇಳಿಸಲು ಅನುಮತಿ, ಅದರ ಜೊತೆಗೇ ನಂಬರ್ ಪ್ಲೇಟ್. ರಿಜಿಸ್ಟ್ರೇಷನ್ ಚೀಟಿ ಇದೆ ಅಂದ ಮಾತ್ರಕ್ಕೆ ಅವರೇ ಮಾಲೀಕರು ಅಂತ ಅಲ್ಲ. ಕೊಳ್ಳುವಾಗ ನಿಮಗೆ ಬೇಕಾದದ್ದು ಟೈಟಲ್. ಹೊಸ ಟ್ರೇಲರ್ ಆದರೆ ಟೈಟಲ್ ಇನ್ನೂ ಹುಟ್ಟಿರುವುದಿಲ್ಲ. ತಯಾರಕರು ಕೊಡುವ ಸರ್ಟಿಫಿಕೇಟ್ ಆಫ್ ಒರಿಜಿನ್ ಇರುತ್ತದೆ, ಅದನ್ನು ಕೊಟ್ಟು ಮೊದಲ ಟೈಟಲ್ ಮಾಡಿಸುವುದು. ಡೀಲರ್ ಹತ್ತಿರ ಕೊಂಡರೆ ಸಾಮಾನ್ಯವಾಗಿ ಅವರೇ ಈ ಓಡಾಟ ಮಾಡುತ್ತಾರೆ, ಆದ್ದರಿಂದ ಇಲ್ಲಿ ಹೇಳುತ್ತಿರುವುದು ಹೆಚ್ಚಾಗಿ ಒಬ್ಬರಿಂದ ಒಬ್ಬರು ನೇರವಾಗಿ ಕೊಳ್ಳುವ ವ್ಯವಹಾರದ ಬಗ್ಗೆ.

ಯಾವ ಕಚೇರಿಗೆ ಹೋಗಬೇಕು ಅನ್ನುವುದೂ ರಾಜ್ಯಕ್ಕೊಂದು ತರ. ಎಲ್ಲರೂ ಡಿಎಂವಿ (ವಾಹನ ಇಲಾಖೆ) ಅಂತಲೇ ಹೇಳುತ್ತಾರೆ. ಆದರೆ ಟೆಕ್ಸಸ್ ಮತ್ತು ಫ್ಲೋರಿಡಾದಲ್ಲಿ ಈ ಕೆಲಸ ಆಗುವುದು ಕೌಂಟಿಯ (ನಮ್ಮ ಜಿಲ್ಲೆಯ ತರ) ಟ್ಯಾಕ್ಸ್ ಕಚೇರಿಯಲ್ಲಿ. ಮಿಷಿಗನ್, ಇಲಿನಾಯ್‌ಗಳಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಒಹಾಯೊದಲ್ಲಂತೂ ಟೈಟಲ್‌ಗೆ ಕೌಂಟಿಯ ಕ್ಲರ್ಕ್ ಆಫ್ ಕೋರ್ಟ್ಸ್ ಬಳಿ ಹೋಗಬೇಕು, ಪ್ಲೇಟಿಗೆ ಇನ್ನೊಂದು ಕಚೇರಿ. ಹೊರಡುವ ಮುಂಚೆ ನಿಮ್ಮ ರಾಜ್ಯದ ವೆಬ್‌ಸೈಟ್ ತೆರೆದು ನೋಡಿ, ಅರ್ಧ ದಿನ ಉಳಿಯುತ್ತದೆ.

ಮೊದಲು ತೂಕ ತಿಳಿದುಕೊಳ್ಳಿ

ಕಾರಿಗೂ ಟ್ರೇಲರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಕಾರಿಗೆ ಟೈಟಲ್ ಇದ್ದೇ ಇರುತ್ತದೆ ಅಂದುಕೊಳ್ಳಬಹುದು. ಸಣ್ಣ ಟ್ರೇಲರಿಗೆ ಹಲವು ರಾಜ್ಯಗಳಲ್ಲಿ ಟೈಟಲ್ ಬೇಕೇ ಆಗಿಲ್ಲ. ಫ್ಲೋರಿಡಾದಲ್ಲಿ 2,000 ಪೌಂಡ್‌ಗಿಂತ ಕಡಿಮೆ ತೂಕದ ಟ್ರೇಲರಿಗೆ ಟೈಟಲ್ ಬೇಡ, ರಿಜಿಸ್ಟ್ರೇಷನ್ ಮಾತ್ರ ಸಾಕು. ನ್ಯೂಯಾರ್ಕಿನಲ್ಲಿ ಆ ಗೆರೆ ಇರುವುದು 1,000 ಪೌಂಡಿಗೆ. ಮಿಷಿಗನ್‌ನಲ್ಲಿ 2,500 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಟೈಟಲ್ ಬೇಕು. ಟೆಕ್ಸಸ್‌ನಲ್ಲಿ 4,000 ಪೌಂಡ್ ದಾಟಿದರೆ ಕಡ್ಡಾಯ, ಅದಕ್ಕಿಂತ ಕಡಿಮೆ ಇದ್ದರೆ ನಿಮ್ಮ ಇಷ್ಟ.

ಆದರೆ ಯಾವ ತೂಕ ಅಂತ ಗಮನಿಸಿ, ಇಲ್ಲೇ ಜನ ಎಡವುವುದು. ಫ್ಲೋರಿಡಾ, ನ್ಯೂಯಾರ್ಕ್ ಕೇಳುವುದು ಖಾಲಿ ಟ್ರೇಲರಿನ ತೂಕ. ಟೆಕ್ಸಸ್ ಕೇಳುವುದು ಒಟ್ಟು ತೂಕ, ಅಂದರೆ ಖಾಲಿ ತೂಕ ಜೊತೆಗೆ ಅದು ಹೊರುವ ಸರಕಿನ ತೂಕ. ಒಂದೇ ಟ್ರೇಲರ್ ಒಂದು ಕಡೆ ಟೈಟಲ್ ಬೇಡ ಅನ್ನಿಸಿಕೊಂಡು ಇನ್ನೊಂದು ಕಡೆ ಬೇಕು ಅನ್ನಿಸಿಕೊಳ್ಳುವುದು ಹೀಗೆ. ಖಾಲಿ ತೂಕ ಗೊತ್ತಿಲ್ಲ ಅಂದರೆ ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ತೂಕದ ಯಂತ್ರ ಇರುತ್ತದೆ. ಅಲ್ಲಿ ತೂಗಿಸಿ ಚೀಟಿ ತೆಗೆದುಕೊಳ್ಳಿ. ಮನೆಯಲ್ಲೇ ಮಾಡಿದ ಟ್ರೇಲರಿಗೆ ಕೆಲವು ಕಡೆ ಆ ಚೀಟಿಯನ್ನೇ ಕೇಳುತ್ತಾರೆ.

ಟೈಟಲ್ ಕೊಡದ ರಾಜ್ಯದಿಂದ ಸಣ್ಣ ಟ್ರೇಲರ್ ಕೊಂಡು ಟೈಟಲ್ ಕೇಳುವ ರಾಜ್ಯಕ್ಕೆ ತರುವುದಾದರೆ ಮಾರುವವರ ಹೆಸರಿನಲ್ಲಿರುವ ಹಳೆ ರಿಜಿಸ್ಟ್ರೇಷನ್ ಮತ್ತು ಸಹಿ ಮಾಡಿದ ಬಿಲ್ ಆಫ್ ಸೇಲ್ (ಮಾರಾಟದ ಪತ್ರ) ಎರಡನ್ನೂ ಇಸಿದುಕೊಳ್ಳಿ. ಇವೆರಡೂ ಇಲ್ಲದೆ "ಅಲ್ಲಿ ಟೈಟಲ್ ಕೊಡುವುದೇ ಇಲ್ಲ" ಅಂತ ಕೌಂಟರಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ನಡೆಯುವುದಿಲ್ಲ.

ನಂಬರ್ ತಾಳೆ ನೋಡುವುದು

ದುಡ್ಡಿನ ಮಾತಿಗೆ ಮುಂಚೆ ವಿನ್ ನಂಬರ್, ಅಂದರೆ ಪ್ರತಿ ಟ್ರೇಲರಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ, ಹುಡುಕಿ. ಫೆಡರಲ್ ನಿಯಮದ ಪ್ರಕಾರ ತಯಾರಕರು ಅಂಟಿಸುವ ಲೇಬಲ್ ಟ್ರೇಲರಿನ ಎಡಬದಿಯ ಮುಂದಿನ ಅರ್ಧದಲ್ಲಿ, ಏನನ್ನೂ ಬಿಚ್ಚದೆ ಹೊರಗಿನಿಂದಲೇ ಓದುವಂತೆ ಇರಬೇಕು. ಅದರಲ್ಲಿ ವಿನ್, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಒಟ್ಟು ತೂಕ ಎಲ್ಲ ಇರುತ್ತದೆ. ತುಂಬ ಟ್ರೇಲರುಗಳಲ್ಲಿ ಅದೇ ನಂಬರನ್ನು ಚೌಕಟ್ಟಿನ ಕಬ್ಬಿಣಕ್ಕೂ ಕೊರೆದಿರುತ್ತಾರೆ. ಹಿಚ್ (ಎಳೆಯುವ ಗಾಡಿಗೆ ಸಿಕ್ಕಿಸುವ ಕೊಂಡಿ) ಕೂರುವ ಮುಂದಿನ ಕಂಬಿಯ ಹತ್ತಿರ ತುಕ್ಕು ಉಜ್ಜಿ ನೋಡಿ.

1981ರಿಂದ ಈಚೆಗೆ ತಯಾರಾದ ಟ್ರೇಲರಿನ ವಿನ್‌ನಲ್ಲಿ 17 ಅಕ್ಷರ-ಅಂಕಿ ಇರುತ್ತವೆ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲ ಆಗದಿರಲಿ ಅಂತ. ಹಾಗಾಗಿ ಓ ತರ ಕಾಣುವುದು ಸೊನ್ನೆಯೇ. ಹತ್ತನೆಯ ಸ್ಥಾನ ಮಾಡೆಲ್ ವರ್ಷ ಹೇಳುತ್ತದೆ: ಜೆ ಅಂದರೆ 2018, ಎಲ್ ಅಂದರೆ 2020. ಮಾರುವವರು 2020ರ ಮಾಡೆಲ್ ಅಂತ ಹೇಳಿ ಹತ್ತನೆಯ ಜಾಗದಲ್ಲಿ ಜೆ ಇದ್ದರೆ ಕೇಳಿ.

ಈಗ ಟೈಟಲ್ ಕಾಗದ ಕೈಯಲ್ಲಿ ಹಿಡಿದು 17ನ್ನೂ ಒಂದೊಂದಾಗಿ ತಾಳೆ ಮಾಡಿ. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕಬ್ಬಿಣದ ಮೇಲೆ ಬೆರಳಿಟ್ಟು ನೋಡಿ. ಹೀಗೆ ಮಾಡುವುದು ಅವಮಾನ ಅಲ್ಲ, ಪ್ರಾಮಾಣಿಕವಾಗಿ ಮಾರುವವರು ಬೇಸರ ಮಾಡಿಕೊಳ್ಳುವುದೂ ಇಲ್ಲ. ಒಂದೇ ಒಂದು ಅಂಕಿ ಬೇರೆ ಇದ್ದರೂ ಅದು ಕಾಗದದ ಮಟ್ಟಿಗೆ ಬೇರೆಯದೇ ಟ್ರೇಲರ್. ಟೈಪ್ ಮಾಡುವಾಗ ಆದ ತಪ್ಪೇ ಇರಬಹುದು, ಆದರೆ ಅದನ್ನು ಸರಿಮಾಡಿಸಬೇಕಾದವರು ಮಾರುವವರು, ಮಾರುವ ಮುಂಚೆ. ಲೇಬಲ್ ಕಿತ್ತಿದ್ದರೆ, ನಂಬರ್ ಇರುವ ಜಾಗದಲ್ಲಿ ಗ್ರೈಂಡರ್ ಆಡಿಸಿದ ಗುರುತಿದ್ದರೆ, ಹೊಸದಾಗಿ ದಪ್ಪ ಬಣ್ಣ ಬಳಿದಿದ್ದರೆ ಬೆಲೆ ಎಷ್ಟೇ ಕಡಿಮೆ ಇರಲಿ, ಕೈಮುಗಿದು ಬಂದುಬಿಡಿ. ಟ್ರೇಲರ್ ಕದಿಯುವುದು ಕಾರು ಕದ್ದಷ್ಟು ಕಷ್ಟ ಅಲ್ಲ. ಎಂಜಿನ್ ಇಲ್ಲ, ಕೀಲಿ ಇಲ್ಲ, ಹಿಚ್‌ಗೆ ಸಿಕ್ಕಿಸಿ ಎಳೆದರೆ ಆಯಿತು. ಎನ್‌ಐಸಿಬಿ ಅನ್ನುವ, ವಿಮಾ ಅಪರಾಧ ಪತ್ತೆ ಮಾಡುವ ಸಂಸ್ಥೆಯ ವಿನ್‌ಚೆಕ್ ಪುಟದಲ್ಲಿ ನಂಬರ್ ಹಾಕಿದರೆ ವಿಮಾ ಕಂಪನಿಗಳು ಕಳುವಿನ ವರದಿ ಕೊಟ್ಟಿವೆಯಾ ಅಂತ ಪುಕ್ಕಟೆ ತೋರಿಸುತ್ತದೆ. ವಿಮೆಯೇ ಇಲ್ಲದ ಟ್ರೇಲರ್ ಕಳುವಾಗಿದ್ದರೆ ಅಲ್ಲಿ ಕಾಣಿಸದೆ ಇರಬಹುದು, ಅನುಮಾನ ಇದ್ದರೆ ಸ್ಥಳೀಯ ಪೊಲೀಸರನ್ನೇ ಕೇಳಿ.

ಹೆಸರು, ಸಾಲ, ಸಹಿ

ಟೈಟಲಿನ ಮುಂಭಾಗದಲ್ಲಿರುವ ಹೆಸರು ಮತ್ತು ನಿಮ್ಮೆದುರು ನಿಂತವರ ಡ್ರೈವಿಂಗ್ ಲೈಸೆನ್ಸಿನ ಹೆಸರು ಒಂದೇ ಆಗಿರಬೇಕು. ನಾನು ಮಾಡದೆ ಬಿಟ್ಟಿದ್ದು ಇದನ್ನೇ. "ಇದು ನನ್ನ ಭಾವನದ್ದು, ಅವರು ಊರಲ್ಲಿಲ್ಲ" ಅಂದರೆ ಭಾವ ಊರಿಗೆ ಬರಲಿ, ಅಥವಾ ಅವರು ಕೊಟ್ಟ ಪವರ್ ಆಫ್ ಅಟಾರ್ನಿಯ ಮೂಲ ಪ್ರತಿ ಇರಲಿ. ಮಾಲೀಕರು ತೀರಿಕೊಂಡಿದ್ದರೆ ಮರಣ ಪತ್ರ ಮತ್ತು ಮಾರುವ ಅಧಿಕಾರ ಯಾರಿಗಿದೆ ಅನ್ನುವ ದಾಖಲೆ ಬೇಕಾಗುತ್ತದೆ. ಅದಕ್ಕೆ ಯಾವ ಫಾರ್ಮ್ ಅಂತ ಆ ರಾಜ್ಯದ ಕಚೇರಿಗೆ ಫೋನ್ ಮಾಡಿ ಕೇಳಿದ ಮೇಲೇ ಮುಂದುವರಿಯಿರಿ.

ಇಬ್ಬರ ಹೆಸರಿದ್ದರೆ ನಡುವಿನ ಪದ ನೋಡಿ. ಗಂಡ "ಆ್ಯಂಡ್" ಹೆಂಡತಿ ಅಂತಿದ್ದರೆ ಇಬ್ಬರೂ ಸಹಿ ಹಾಕಬೇಕು. "ಆರ್" ಅಂತಿದ್ದರೆ ಸಾಮಾನ್ಯವಾಗಿ ಒಬ್ಬರದ್ದು ಸಾಕು. ಇಬ್ಬರದ್ದೂ ಹಾಕಿಸಿಕೊಂಡರೆ ಚಿಂತೆಯೇ ಇಲ್ಲ. ನೀವು ದಂಪತಿಯಾಗಿ ಹೊಸ ಟೈಟಲ್ ಮಾಡಿಸುವಾಗಲೂ ಈ ಪದವನ್ನು ಯೋಚಿಸಿ ಬರೆಸಿ.

ಆಮೇಲೆ ಸಾಲ. ಟೈಟಲ್ ಮೇಲೆ ಲೀನ್‌ಹೋಲ್ಡರ್ (ಸಾಲ ಕೊಟ್ಟವರು) ಅಂತ ಬ್ಯಾಂಕಿನ ಹೆಸರಿದ್ದರೆ, ಆ ಸಾಲ ತೀರಿದೆ ಅಂತ ಬ್ಯಾಂಕ್ ಕೊಟ್ಟ ಬಿಡುಗಡೆ ಪತ್ರ ನೋಡುವವರೆಗೆ ದುಡ್ಡು ಕೊಡಬೇಡಿ. ಸಾಲ ಇನ್ನೂ ಬಾಕಿ ಇದ್ದರೆ ಇಬ್ಬರೂ ಆ ಬ್ಯಾಂಕಿಗೇ ಹೋಗಿ. ನಿಮ್ಮ ಹಣದಿಂದ ಮೊದಲು ಸಾಲ ತೀರಲಿ, ಉಳಿದದ್ದು ಮಾರುವವರಿಗೆ ಹೋಗಲಿ. ಕೆಲವು ರಾಜ್ಯಗಳಲ್ಲಿ ಸಾಲ ಇರುವ ಟೈಟಲ್ ಕಾಗದದಲ್ಲಿ ಇರುವುದೇ ಇಲ್ಲ, ಕಂಪ್ಯೂಟರಿನಲ್ಲಿ ಮಾತ್ರ ಇರುತ್ತದೆ. ಸಾಲ ತೀರಿದ ಮೇಲೆ ಕಾಗದ ತರಿಸಿಕೊಳ್ಳಲು ಒಂದಷ್ಟು ದಿನ ಹಿಡಿಯುತ್ತದೆ. ಮಾರುವ ಯೋಚನೆ ಇರುವವರು ಜಾಹೀರಾತು ಹಾಕುವ ಮುಂಚೆಯೇ ಇದನ್ನು ತರಿಸಿ ಇಟ್ಟುಕೊಂಡರೆ ಒಳ್ಳೆಯದು, ಅಲ್ವಾ?

ಸಹಿ ಹಾಕುವಾಗ ಅವಸರ ಬೇಡ. ಮಾರುವವರು ಮನೆಯಲ್ಲೇ ಮುಂಚಿತವಾಗಿ ಸಹಿ ಹಾಕಿ ತರಬಾರದು. ಪೆನ್ಸಿಲ್ವೇನಿಯಾ, ಒಹಾಯೊ, ನಾರ್ತ್ ಕ್ಯಾರೊಲೈನಾ, ಅರಿಝೋನಾದಂತಹ ರಾಜ್ಯಗಳಲ್ಲಿ ನೋಟರಿ ಅಥವಾ ಅಧಿಕೃತ ಸಾಕ್ಷಿಯ ಎದುರಿಗೇ ಸಹಿ ಆಗಬೇಕು. ಅಂಥ ಕಡೆ ಯಾವುದಾದರೂ ಬ್ಯಾಂಕ್ ಶಾಖೆಯಲ್ಲಿ ಭೇಟಿಯಾಗುವುದು ಸುಲಭ, ಅಲ್ಲಿ ನೋಟರಿಯೂ ಇರುತ್ತಾರೆ, ಹಣವನ್ನೂ ಕಣ್ಣೆದುರಿಗೆ ಎಣಿಸಬಹುದು. ಕೊಳ್ಳುವವರ ಪೂರ್ತಿ ಹೆಸರು, ವಿಳಾಸ, ತಾರೀಕು, ಬೆಲೆ ಅಲ್ಲೇ ತುಂಬಿಸಿ. ಖಾಲಿ ಬಿಟ್ಟ ಟೈಟಲ್ ತೆಗೆದುಕೊಳ್ಳಲೂ ಬೇಡಿ, ಕೊಡಲೂ ಬೇಡಿ. ತಪ್ಪಾದರೆ ಗೀಚಬೇಡಿ, ವೈಟ್‌ನರ್ ಅಂತೂ ಮುಟ್ಟಲೇಬೇಡಿ. ತಿದ್ದಿದ ಟೈಟಲನ್ನು ಕೌಂಟರಿನಲ್ಲಿ ವಾಪಸ್ ಮಾಡುತ್ತಾರೆ. ಹಾಗಾದಾಗ ಮಾರುವವರು ಡೂಪ್ಲಿಕೇಟ್ ಟೈಟಲ್ ತೆಗೆಸಿ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಓಡೋಮೀಟರ್ (ಗಾಡಿ ಓಡಿದ ದೂರ) ಸಾಲು ಕಂಡರೆ ಗಾಬರಿ ಬೇಡ, ಸ್ವಂತ ಎಂಜಿನ್ ಇಲ್ಲದ ವಾಹನಕ್ಕೆ ಆ ಘೋಷಣೆ ಬೇಕಾಗಿಲ್ಲ.

ಟೈಟಲ್ ಜೊತೆಗೆ ಒಂದು ಬಿಲ್ ಆಫ್ ಸೇಲ್ ಮಾಡಿಕೊಳ್ಳಿ, ರಾಜ್ಯ ಕೇಳದಿದ್ದರೂ ಮಾಡಿ. ಇಬ್ಬರ ಹೆಸರು, ವಿಳಾಸ, ವಿನ್, ತಯಾರಕರ ಹೆಸರು, ವರ್ಷ, ಬೆಲೆ, ತಾರೀಕು, ಸಹಿ ಇಷ್ಟಿದ್ದರೆ ಸಾಕು. ಎರಡು ಪ್ರತಿ ಮಾಡಿ, ಒಂದೊಂದು ಇಟ್ಟುಕೊಳ್ಳಿ. ನಾನು ಸಮಯವನ್ನೂ ಬರೆಯುತ್ತೇನೆ. ಮಧ್ಯಾಹ್ನ ಮಾರಿದ ಟ್ರೇಲರ್ ಸಂಜೆ ಎಲ್ಲೋ ಗುದ್ದಿದರೆ ಆ ಒಂದು ಸಾಲು ಉಪಯೋಗಕ್ಕೆ ಬರುತ್ತದೆ. ತೆರಿಗೆ ಉಳಿಸಲು ಬೆಲೆ ಕಡಿಮೆ ಬರೆಯೋಣ ಅಂತ ಕೇಳುವವರು ಸಿಗುತ್ತಾರೆ. ಒಪ್ಪಬೇಡಿ. ಅದು ಸರ್ಕಾರಕ್ಕೆ ಕೊಡುವ ಹೇಳಿಕೆ, ಅದರಲ್ಲಿ ಸುಳ್ಳು ಬರೆಯುವುದು ಅಪರಾಧ. ನಾಳೆ ವಿಮೆಯ ಹಣ ಕೇಳುವಾಗಲೂ ಅದೇ ಸಣ್ಣ ಮೊತ್ತ ನಿಮ್ಮೆದುರು ಬಂದು ನಿಲ್ಲುತ್ತದೆ.

ಮನೆಗೆ ತರುವುದು

ಪ್ಲೇಟ್ ವಿಷಯದಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಟೆಕ್ಸಸ್, ಫ್ಲೋರಿಡಾ, ನ್ಯೂಯಾರ್ಕ್‌ಗಳಲ್ಲಿ ಮಾರುವವರು ಪ್ಲೇಟ್ ಬಿಚ್ಚಿಕೊಳ್ಳುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಪ್ಲೇಟ್ ವಾಹನದ ಜೊತೆಗೇ ಹೋಗುತ್ತದೆ. ಪ್ಲೇಟ್ ಇಲ್ಲದ ಟ್ರೇಲರನ್ನು ಹಾಗೇ ಎಳೆದುಕೊಂಡು ಹೊರಟರೆ ದಾರಿಯಲ್ಲಿ ದಂಡ ಬೀಳಬಹುದು. ತಾತ್ಕಾಲಿಕ ಅನುಮತಿ ಸಿಗುತ್ತಾ ಅಂತ ಮುಂಚೆಯೇ ವಿಚಾರಿಸಿ. ಟೆಕ್ಸಸ್‌ನಲ್ಲಿ ಒಂದು ಸಲದ ಪ್ರಯಾಣಕ್ಕೇ ಬೇರೆ ಪರ್ಮಿಟ್ ಇದೆ. ಅದೂ ಆಗದಿದ್ದರೆ ವಾರದ ದಿನ ವ್ಯವಹಾರ ಇಟ್ಟುಕೊಂಡು ಇಬ್ಬರೂ ನೇರ ಕಚೇರಿಗೆ ಹೋಗಿ ಅಲ್ಲೇ ವರ್ಗಾವಣೆ ಮುಗಿಸಿ, ಪ್ಲೇಟ್ ಹಾಕಿಕೊಂಡೇ ಹೊರಡಿ. ಈಗ ನಾನು ಮಾಡುವುದು ಇದನ್ನೇ. ಭಾನುವಾರ ಟ್ರೇಲರ್ ಕೊಳ್ಳುವುದಿಲ್ಲ.

ವಿಮೆಯವರಿಗೂ ಒಂದು ಫೋನ್ ಮಾಡಿ. ಎಳೆಯುವ ಗಾಡಿಯ ಹೊಣೆಗಾರಿಕೆ ವಿಮೆ ಸಾಮಾನ್ಯವಾಗಿ ಹಿಂದಿನ ಟ್ರೇಲರಿಗೂ ಅನ್ವಯಿಸುತ್ತದೆ, ಆದರೆ ಟ್ರೇಲರ್ ಕಳುವಾದರೆ, ಮುರಿದರೆ ಅದರ ಹಣ ತಾನಾಗಿ ಬರುವುದಿಲ್ಲ.

ಕಚೇರಿಯಲ್ಲಿ

ಸಹಿಯಾದ ಟೈಟಲ್, ಬಿಲ್ ಆಫ್ ಸೇಲ್, ಲೀನ್ ಬಿಡುಗಡೆ ಪತ್ರ, ನಿಮ್ಮ ಗುರುತಿನ ಚೀಟಿ, ಜೊತೆಗೆ ರಾಜ್ಯದ ಅರ್ಜಿ. ಟೆಕ್ಸಸ್‌ನಲ್ಲಿ ಆ ಅರ್ಜಿಯ ಹೆಸರು 130-ಯು, ಅದಕ್ಕೆ ಕೊಳ್ಳುವವರ ಜೊತೆ ಮಾರುವವರ ಸಹಿಯೂ ಬೇಕು, ಹಾಗಾಗಿ ಖಾಲಿ ಫಾರ್ಮನ್ನು ಪ್ರಿಂಟ್ ಮಾಡಿಕೊಂಡೇ ಟ್ರೇಲರ್ ನೋಡಲು ಹೋಗಿ. ಫ್ಲೋರಿಡಾದಲ್ಲಿ ಎಚ್‌ಎಸ್‌ಎಂವಿ 82040. ನ್ಯೂಯಾರ್ಕ್‌ನಲ್ಲಿ ಎಂವಿ-82, ಅದರ ಜೊತೆ ಮಾರಾಟ ತೆರಿಗೆಗೆ ಡಿಟಿಎಫ್-802.

ಗಡುವು ಮರೆಯಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವವರಿಗೆ 10 ದಿನ, ಮಿಷಿಗನ್‌ನಲ್ಲಿ 15, ಟೆಕ್ಸಸ್ ಮತ್ತು ಫ್ಲೋರಿಡಾದಲ್ಲಿ 30. ದಾಟಿದರೆ ದಂಡ. ಹೊರರಾಜ್ಯದಿಂದ ತಂದ ಟ್ರೇಲರ್ ಆದರೆ ಕ್ಯಾಲಿಫೋರ್ನಿಯಾದಂತಹ ಕಡೆ ವಿನ್ ನಂಬರನ್ನು ಅಧಿಕಾರಿ ಕಣ್ಣಾರೆ ನೋಡಿ ದೃಢೀಕರಿಸಬೇಕು, ಅದಕ್ಕೆ ಟ್ರೇಲರನ್ನೇ ಒಯ್ಯಬೇಕಾಗಬಹುದು. ಹತ್ತಿರದ ಸಂಬಂಧಿಕರಿಂದ ಉಡುಗೊರೆಯಾಗಿ ಬಂದಿದ್ದರೆ ತೆರಿಗೆಯಲ್ಲಿ ರಿಯಾಯಿತಿ ಇರುತ್ತದಾ ಅಂತ ಕೇಳಿ ನೋಡಿ. ಟೆಕ್ಸಸ್‌ನಲ್ಲಿ ಅಂಥದ್ದಕ್ಕೆ ಬೆಲೆಯ ಮೇಲಿನ ತೆರಿಗೆ ಬದಲು 10 ಡಾಲರ್ ಅಷ್ಟೇ, ಆದರೆ ಅದಕ್ಕೊಂದು ಅಫಿಡವಿಟ್ ಕೊಡಬೇಕು.

ಟೈಟಲೇ ಇಲ್ಲದಿದ್ದರೆ

"ಟೈಟಲ್ ಕಳೆದುಹೋಗಿದೆ, ನೀವೇ ತೆಗೆಸಿಕೊಳ್ಳಿ" ಅನ್ನುವ ಮಾತು ತುಂಬ ಕೇಳಿಬರುತ್ತದೆ. ಡೂಪ್ಲಿಕೇಟ್ ಕೇಳುವ ಹಕ್ಕು ದಾಖಲೆಯಲ್ಲಿರುವ ಮಾಲೀಕರಿಗೆ, ನಿಮಗಲ್ಲ. ಅವರೇ ತೆಗೆಸಲಿ, ಅಲ್ಲಿಯವರೆಗೆ ನೀವು ಕಾಯಿರಿ. ತೀರಾ ಬೇಕಾದರೆ ಬಾಂಡೆಡ್ ಟೈಟಲ್ ಅಂತ ಕೆಲವು ರಾಜ್ಯಗಳಲ್ಲಿ ದಾರಿಯಿದೆ. ಟೆಕ್ಸಸ್‌ನಲ್ಲಿ ಟ್ರೇಲರಿನ ಬೆಲೆಯ ಒಂದೂವರೆ ಪಟ್ಟು ಮೊತ್ತಕ್ಕೆ ಶ್ಯೂರಿಟಿ ಬಾಂಡ್ (ಜಾಮೀನು ಪತ್ರ) ಕೊಳ್ಳಬೇಕು. ಆಮೇಲೆ ನಿಜವಾದ ಮಾಲೀಕರು ಬಂದರೆ ಅವರ ನಷ್ಟ ಆ ಬಾಂಡಿನಿಂದ ಹೋಗುತ್ತದೆ. ಸರಕು ಸಾಗಿಸುವ ಸಣ್ಣ ಟ್ರೇಲರಿಗೆ ಇಷ್ಟೆಲ್ಲ ಮಾಡುವುದು ನನ್ನ ಪ್ರಕಾರ ವ್ಯರ್ಥ.

ಮನೆಯಲ್ಲೇ ಬೆಸೆದು ಮಾಡಿದ ಟ್ರೇಲರ್ ಬೇರೆ ವಿಷಯ. ಅದಕ್ಕೆ ತಯಾರಕರ ವಿನ್ ಇರುವುದಿಲ್ಲ. ಕಬ್ಬಿಣ, ಆಕ್ಸಲ್, ಟೈರ್ ಕೊಂಡ ರಸೀದಿ, ಫೋಟೋ, ತೂಕದ ಚೀಟಿ ಇಟ್ಟುಕೊಂಡು ತಪಾಸಣೆಗೆ ಹೋಗಬೇಕು, ಆಮೇಲೆ ರಾಜ್ಯವೇ ಒಂದು ನಂಬರ್ ಕೊಡುತ್ತದೆ. ಕೊಳ್ಳುವವರು ಆ ನಂಬರ್ ಈಗಾಗಲೇ ಬಂದಿದೆಯಾ ಅಂತ ನೋಡಿಯೇ ಕೊಳ್ಳಿ. ಯಾಕೆಂದರೆ ಕದ್ದ ಟ್ರೇಲರಿನ ನಂಬರ್ ಅಳಿಸಿ "ನಾನೇ ಮಾಡಿದ್ದು" ಅಂತ ಮಾರುವವರೂ ಇದ್ದಾರೆ.

ಮಾರುವವರಿಗೆ ಒಂದು ಮಾತು

ಸಹಿ ಹಾಕಿ ಹಣ ಬಂದ ಮೇಲೆ ಕೆಲಸ ಮುಗಿಯಿತು ಅಂತ ಎಷ್ಟೋ ಜನ ಕೂತುಬಿಡುತ್ತಾರೆ. ಮುಗಿದಿಲ್ಲ. ಕೊಂಡವರು ತಮ್ಮ ಹೆಸರಿಗೆ ಮಾಡಿಸದೆ ಬಿಟ್ಟರೆ ರಾಜ್ಯದ ದಾಖಲೆಯಲ್ಲಿ ಇನ್ನೂ ನೀವೇ ಮಾಲೀಕರು. ಅವರು ರಸ್ತೆ ಪಕ್ಕ ಬಿಟ್ಟುಹೋದ ಟ್ರೇಲರನ್ನು ಯಾರೋ ಎಳೆದೊಯ್ದರೆ ಅದರ ಬಿಲ್ಲು ನಿಮ್ಮ ಮನೆಗೆ ಬರುತ್ತದೆ. ನನಗೆ ಸಿಕ್ಕ ಆ ಮೊದಲ ಮಾಲೀಕರಿಗೂ ಎರಡು ವರ್ಷ ಇದು ಗೊತ್ತೇ ಇರಲಿಲ್ಲ, ನಾನು ಫೋನ್ ಮಾಡಿದಾಗ ಅವರೇ ಹೆದರಿದರು.

ಅದಕ್ಕೆ ಮಾರಿದ ದಿನವೇ ರಾಜ್ಯಕ್ಕೆ ತಿಳಿಸಿ. ಕ್ಯಾಲಿಫೋರ್ನಿಯಾದಲ್ಲಿ ಆರ್‌ಇಜಿ 138 ಅನ್ನುವ ಫಾರ್ಮ್, 5 ದಿನದೊಳಗೆ. ಟೆಕ್ಸಸ್‌ನಲ್ಲಿ ವಿಟಿಆರ್-346, 30 ದಿನದೊಳಗೆ. ಫ್ಲೋರಿಡಾದಲ್ಲಿ ಎಚ್‌ಎಸ್‌ಎಂವಿ 82050, ಅದೇ ಬಿಲ್ ಆಫ್ ಸೇಲ್ ಆಗಿಯೂ ನಡೆಯುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಸ್‌ಗಳಲ್ಲಿ ಇದನ್ನು ಆನ್‌ಲೈನ್‌ನಲ್ಲೇ ಮಾಡಬಹುದು, ಕಾಲು ಗಂಟೆಯೂ ಬೇಡ. ಕೊಂಡವರು ಗೇಟ್ ದಾಟುವ ಮುಂಚೆ ಅವರ ಲೈಸೆನ್ಸಿನ ಫೋಟೋ ಮತ್ತು ಸಹಿಯಾದ ಟೈಟಲಿನ ಎರಡೂ ಬದಿಯ ಫೋಟೋ ತೆಗೆದುಕೊಳ್ಳಿ. ನಿಮ್ಮ ರಾಜ್ಯದಲ್ಲಿ ಪ್ಲೇಟ್ ನಿಮ್ಮದೇ ಆದರೆ ಸ್ಕ್ರೂಡ್ರೈವರ್ ತಂದು ಆಗಲೇ ಬಿಚ್ಚಿ. ಮಾರಾಟದ ಸೂಚನೆ ಸ್ವೀಕರಿಸಿದ್ದೇವೆ ಅನ್ನುವ ರಸೀದಿ ಪರದೆ ಮೇಲೆ ಬಂದಾಗ ಅದನ್ನು ಉಳಿಸಿಟ್ಟು, ಆಮೇಲೆ ವಿಮೆ ರದ್ದು ಮಾಡಿಸಿ. ಒಂದು ತಿಂಗಳು ಬಿಟ್ಟು ಕೊಂಡವರಿಗೆ ಒಂದು ಮೆಸೇಜ್ ಹಾಕಿ, ಹೆಸರು ಬದಲಾಯಿತಾ ಅಂತ ಕೇಳಿ.